ಒಂದು ಸಾಲೂ ಬರೆಯದವನು

ಮೊಯಿನ್ ಆ ಅಂಗಡಿಗೆ ಮೊದಲ ಸಲ ಬಂದದ್ದು ಜಗಳವಾಡಲು.

ಶಿರಸಿಯ ಪೇಟೆಯೊಳಗಿನ ಓಣಿಯೊಂದರಲ್ಲಿ ಇಕ್ಬಾಲ್ ಸಾಹೇಬರ ಕುಶನ್ ಅಂಗಡಿ. ರಿಕ್ಷಾ, ಜೀಪು, ಟೆಂಪೋಗಳ ಸೀಟು ಹೊಲಿಯುವ ಕೆಲಸ. ಒಂದು ಮಧ್ಯಾಹ್ನ ಯಲ್ಲಾಪುರದ ಟೆಂಪೋವೊಂದು ಬಂದು ಬಾಗಿಲಿಗೆ ಅಡ್ಡವಾಗಿ ನಿಂತಿತು. ಇಳಿದ ಹುಡುಗನ ಮುಖ ಬಿಗಿದುಕೊಂಡಿತ್ತು.

“ಸಾಹೇಬ್ರ, ಇದೆಂಥಾ ಸೀಟ್ ಹೊಲ್ದೀರಿ? ಮಂಚಿಕೇರಿ ದಾಟೋದ್ರೊಳಗ ಸೊಂಟ ಹಿಡೀತೈತಿ.”

ಇಕ್ಬಾಲರು ಕನ್ನಡಕದ ಮೇಲಿನಿಂದ ನೋಡಿದರು.

“ಹೊಲಿದವ ನಾನಲ್ಲ ತಮ್ಮಾ. ಹೊಲಿದವಳು ನನ್ನ ಮಗಳು. ಅಲ್ಲಿ ಕೂತಿದ್ದಾಳೆ, ಅವಳನ್ನೇ ಕೇಳು.”

ಮಿಷನ್ನಿನ ಹಿಂದಿನಿಂದ ಶಾಜಿಯಾ ಎದ್ದು ಬಂದಳು. ದುಪಟ್ಟಾ ತಲೆಯ ಮೇಲೆ ಸರಿಪಡಿಸಿಕೊಂಡು, ಟೆಂಪೋದ ಬಾಗಿಲು ತೆರೆದು, ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು.

“ಸೀಟು ಸರಿ ಇದೆ. ನೀವು ಕೂರೂದು ಸರಿ ಇಲ್ಲ.”

“ಅಂದ್ರ?”

“ಬಾಗಿಲಿಗೆ ಮೊಣಕೈ ಕೊಟ್ಟು ಬಲಕ್ಕೆ ವಾಲಿ ಕೂರ್ತೀರಿ. ಬಲಗಡೆ ಮಾತ್ರ ಸ್ಪಂಜು ಕುಸಿದಿದೆ, ನೋಡಿ. ನಿಂತಾಗ್ಲೂ ನಿಮ್ಮ ಬಲ ಹೆಗಲು ಕೆಳಗೇ ಇದೆ.”

ಅವನು ತನ್ನ ಹೆಗಲನ್ನು ತಾನೇ ತಿರುಗಿ ನೋಡಿಕೊಂಡ. ಜಗಳಕ್ಕೆಂದು ತಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ... ನಕ್ಕುಬಿಟ್ಟ.

“ಹಂಗಾದ್ರ ಹೆಗಲಿಗೂ ಒಂದು ಹೊಲಿಗಿ ಹಾಕ್ರಿ.”

ಶಾಜಿಯಾ ತಲೆ ತಗ್ಗಿಸಿ ಒಳಗೆ ಹೋದಳು. ಆ ಸಂಜೆ ಅವಳು ಹೊಲಿದ ಹೊಲಿಗೆ ಎರಡು ಸಲ ಸೊಟ್ಟಗಾಯಿತು.

ಅಲ್ಲಿಂದ ಮುಂದೆ ಮೊಯಿನನ ಸೀಟು ತಿಂಗಳಿಗೊಮ್ಮೆ ಹರಿಯತೊಡಗಿತು. ಅವನು ಸೀಟು ಇಳಿಸಿ, ಎದುರಿನ ಶಾಂತಾರಾಮನ ಚಾ ಅಂಗಡಿಯಲ್ಲಿ ಕಾದು ಕೂರುತ್ತಿದ್ದ. ಒಂದು ದಿನ ಇಕ್ಬಾಲರು ಹರಿದ ರೆಕ್ಸಿನನ್ನು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟು ನೇರವಾಗಿ ಯಾವ ಸೀಟೂ ಹರಿಯೂದಿಲ್ಲ ಮಗಳೇ. ಇದು ಬ್ಲೇಡಿನ ಕೆಲಸ.”

ಶಾಜಿಯಾ ಮಿಷನ್ನಿಗೆ ದಾರ ಪೋಣಿಸತೊಡಗಿದಳು. ತಂದೆ ಮತ್ತೇನೂ ಕೇಳಲಿಲ್ಲ. ಆದರೆ ಆ ರೆಕ್ಸಿನ್ ತುಂಡನ್ನು ಅವಳು ಕಸಕ್ಕೆ ಹಾಕದೆ ಎತ್ತಿಟ್ಟುಕೊಂಡದ್ದನ್ನು ಅವರು ಕಂಡರು. ಕಂಡೂ ಕಾಣದವರಂತೆ ಚಾಕ್ ಹಿಡಿದು ಗುರುತು ಹಾಕುವುದರಲ್ಲಿ ತೊಡಗಿದರು.

ಎಂಥ ದಿನಗಳವು... ಅಬ್ಬಾನ ಕೆಮ್ಮು, ಮಿಷನ್ನಿನ ಸದ್ದು, ತಿಂಗಳಿಗೊಮ್ಮೆ ಓಣಿಯ ತಿರುವಿನಲ್ಲಿ ಕೇಳುವ ಆ ಟೆಂಪೋದ ಹಾರ್ನು. ಸುಖವೆಂದರೆ ಅಷ್ಟೇ ಎಂದು ಆಗ ಅವಳಿಗೆ ತಿಳಿದಿರಲಿಲ್ಲ.

ಒಂದು ವರ್ಷ ಹೀಗೆ ನಡೆಯಿತು. ರಂಜಾನ್ ಹಬ್ಬದ ಮರುದಿನ ಶಾಜಿಯಾಳ ಇನ್‌ಸ್ಟಾಗ್ರಾಮಿನಲ್ಲಿ ಒಂದು ಕೋರಿಕೆ ಬಂತು. ಮೊಯಿನ್, ಯಲ್ಲಾಪುರ... ಅವಳನ್ನು ಫಾಲೋ ಮಾಡಲು ಅನುಮತಿ ಕೇಳಿದ್ದ.

ಅವಳ ಖಾತೆಗೆ ಬೀಗವಿತ್ತು. ಅವಳು ಒಪ್ಪಿದರೆ ಮಾತ್ರ ಒಳಗೆ ಪ್ರವೇಶ.

ಹೆಬ್ಬೆರಳು ಪರದೆಯ ಹತ್ತಿರ ಹೋಗಿ ನಿಂತಿತು. ಫೋನು ಕೊಡಿಸಿದ ದಿನ ಅಬ್ಬಾ ಹೇಳಿದ ಮಾತು ನೆನಪಾಯಿತು. ‘ನಿನ್ನನ್ನು ಕೇಳುವ ಗಂಡಸು ನಮ್ಮ ಮನೆಯ ಬಾಗಿಲಿಗೆ ಬರಲಿ. ಫೋನಿಗೆ ಬರುವುದು ಬೇಡ.’

ಬರುತ್ತಾನೆ, ಬಾಗಿಲಿಗೂ ಬರುತ್ತಾನೆ ಎಂದುಕೊಂಡಳು. ಒಪ್ಪಲಿಲ್ಲ, ಅಳಿಸಲೂ ಇಲ್ಲ. ಆ ರೆಕ್ಸಿನ್ ತುಂಡಿನ ಚಿತ್ರ ತೆಗೆದು, ‘ಹರಿದದ್ದಲ್ಲ, ಕೊಯ್ದದ್ದು’ ಎಂದು ಬರೆದು ತನ್ನ ಖಾತೆಯೊಳಗೆ ಇಟ್ಟುಕೊಂಡಳು. ಅವನು ಬಾಗಿಲಿಗೆ ಬಂದ ದಿನ ಬೀಗ ತೆಗೆದು ತೋರಿಸಬೇಕೆಂಬ ಆಸೆ.

ಅವನು ಬರಲಿಲ್ಲ. ಮುಂದಿನ ತಿಂಗಳು ಟೆಂಪೋ ಬರಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ.

ಹೀಗೆ ಎರಡು ವರ್ಷ.

ಈ ನಡುವೆ ಇಕ್ಬಾಲರು ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ, ಅಂಗಡಿಯ ಕೀಲಿಕೈ ಹಿಡಿದು ಹೊಸ್ತಿಲ ಮೇಲೆ ಕುಳಿತವರು ಏಳಲಿಲ್ಲ. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ಶಾಜಿಯಾಳಿಗೆ ಉಳಿದವರು ಅಬ್ಬಾನ ಅಕ್ಕ, ಮುಮ್ತಾಜ್ ಫುಫೂ ಒಬ್ಬರೇ.

ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿ ಅವರಲ್ಲಿಲ್ಲ. ಶಾಜಿಯಾ ಕಿಟಕಿಯ ಸಂದಿನಿಂದ ನೋಡಿದ್ದಳು. ಬಿಳಿ ಟೊಪ್ಪಿಗೆಗಳು, ಬೆನ್ನುಗಳು, ಅವುಗಳ ಮೇಲೆ ತೇಲಿದಂತೆ ಹೋದ ಅಬ್ಬಾ. ಮುಖ ಒಂದೂ ಕಾಣಲಿಲ್ಲ. ಆಮೇಲೆ ಕಣ್ಣೇ ಕಾಣಲಿಲ್ಲ.

ಅಬ್ಬಾ ತೀರಿದ ಮೂವತ್ತೆಂಟನೆಯ ದಿನ ಅತ್ತೆ ಸೊಸೆ ಇಬ್ಬರೂ ಅಂಗಡಿಯಲ್ಲಿ ಕುಳಿತಿದ್ದರು. ಅಬ್ಬಾನ ಅಳತೆ ಪಟ್ಟಿ ಮೊಳೆಗೆ ಹಾಗೆಯೇ ನೇತಾಡುತ್ತಿತ್ತು. ಅದನ್ನು ತೆಗೆಯಲು ಇಬ್ಬರಿಗೂ ಕೈ ಬಂದಿರಲಿಲ್ಲ.

“ನಲವತ್ತರ ಕಾರ್ಯ ಕಳೆದ ಮೇಲೆ ಹುಬ್ಬಳ್ಳಿಯವರಿಗೆ ಉತ್ತರ ಹೇಳ್ಬೇಕು” ಎಂದರು ಫುಫೂ. “ಹುಡುಗ ಒಳ್ಳೆಯವ ಅಂತಾರೆ. ಬಟ್ಟೆ ವ್ಯಾಪಾರ. ನಿನ್ನ ಮನಸ್ಸು ಎಂತ?”

“ಹೇಳ್ತೇನೆ ಫುಫೂ.”

“ಮೊದಲು ಆ ಫೋನು ಸ್ವಚ್ಛ ಮಾಡು. ಅದನ್ನ ನೋಡ್ದಾಗೆಲ್ಲ ನಿನ್ನ ಮುಖ ಬಾಡ್ತದೆ. ಕಣ್ಣಿಗೆ ಬೇಡದವರನ್ನ ಎಂತಕ್ಕೆ ಮನೆಯೊಳಗೆ ಬಿಟ್ಕೊಂಡಿದ್ದೀ?”

ಸರಿ ಎನ್ನಿಸಿತು. ಶಾಜಿಯಾ ತಾನು ಫಾಲೋ ಮಾಡುವವರ ಹೆಸರು ಓದತೊಡಗಿದಳು. ಫುಫೂ ತಸ್ಬೀಹ್ ಮಣಿ ಸರಿಸುತ್ತ ತೀರ್ಪು ಕೊಡತೊಡಗಿದರು.

“ಜೀನತ್. ನನ್ನ ಜೊತೆ ಓದಿದವಳು. ದಿನಾ ಹೊಸ ಬಳೆ ತೋರಿಸ್ತಾಳೆ.”

“ತೆಗಿ. ಅವಳ ಬಳೆ ಅವಳ ಕೈಯಲ್ಲೇ ಇರ್ಲಿ. ಆ ಕೂಗ್ತಾ ಇರುವವ ಯಾರು?”

“ಅವ ದಿನಕ್ಕೊಬ್ಬರಿಗೆ ಬೈತಾನೆ. ಒಂದಿನ ನಮ್ಮವರಿಗೆ, ಒಂದಿನ ಬೇರೆಯವರಿಗೆ.”

“ಅವನನ್ನ ಮೊದಲು ತೆಗಿ. ನಿನ್ನ ಅಬ್ಬಾ ಇದ್ದಿದ್ರೆ ಚಪ್ಪಲಿ ಹೊರಗೆ ಬಿಡ್ಲಿಕ್ಕೂ ಬಿಡ್ತಿರಲಿಲ್ಲ ಅಂಥವನಿಗೆ.”

“ಬಿರ್ಯಾನಿ ಮಾಡಿ ತೋರಿಸುವವಳು?”

“ಅವಳು ಇರ್ಲಿ ಪಾಪ. ಯಾರಿಗೂ ಕೆಟ್ಟದ್ದು ಮಾಡಿಲ್ಲ.”

ಶಾಜಿಯಾಳಿಗೆ ನಗು ಬಂತು. ಅಬ್ಬಾ ಹೋದ ಮೇಲೆ ಅದೇ ಮೊದಲ ನಗು. ನಕ್ಕದ್ದಕ್ಕೇ ಕಣ್ಣು ತುಂಬಿತು.

ಉಳಿದವರನ್ನು ಆರಿಸಲು ಅವಳು ತನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದಳು. ಅಬ್ಬಾ ತೀರಿದ ಸುದ್ದಿಯನ್ನು ಅಂಗಡಿಯ ಪುಟದಲ್ಲಿ ಹಾಕಿದ್ದಳಲ್ಲ, ಅದರ ಕೆಳಗೆ ಎರಡು ಮಾತು ಬರೆದವರು ಇರಲಿ. ಊರೆಲ್ಲ ನೋಡಿದ ಸುದ್ದಿಗೆ ಒಂದು ಸಾಲೂ ಬರೆಯದವರು ಬೇಡ. ಅಂಥವರಿಗೆ ತನ್ನ ಜೀವನದಲ್ಲಿ ಏನು ಕೆಲಸ?

ಆ ಲೆಕ್ಕದಲ್ಲಿ ಹುಬ್ಬಳ್ಳಿಯ ವರ ಉಳಿದ. ಅವನು ಹತ್ತು ಸಾಲು ಬರೆದಿದ್ದ, ಬಹಳ ಚೆನ್ನಾಗಿ ಬರೆದಿದ್ದ. ಚಾ ಅಂಗಡಿಯ ಶಾಂತಾರಾಮ ಬರೆದಿರಲಿಲ್ಲ. ಅಬ್ಬಾನ ಮೂವತ್ತು ವರ್ಷದ ಗೆಳೆಯ, ಒಂದು ಅಕ್ಷರವಿಲ್ಲ. ಫುಫೂ ಹೇಳುವ ಮೊದಲೇ, ಹಿಂದಿನ ದಿನ, ನೋಯುತ್ತ ಅವನ ಹೆಸರನ್ನು ತೆಗೆದಿದ್ದಳು.

ಈಗ ಉಳಿದದ್ದು ಒಂದೇ. ಎರಡು ವರ್ಷದಿಂದ ಅನುಮತಿಗಾಗಿ ಕಾದು ಕುಳಿತ ಮೊಯಿನನ ಕೋರಿಕೆ.

ಅದನ್ನು ಅವನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಏಕೆ? ಮರೆತಿರಬೇಕು. ಅಬ್ಬಾನ ಕೈಯಿಂದ ಎಷ್ಟು ಸಲ ನೀರು ಕುಡಿದಿದ್ದ... ಆ ಅಬ್ಬಾ ಹೋದರೂ ಒಂದು ಸಾಲು ಬರೆಯಲಿಲ್ಲ. ಇಂಥವನಿಗಾಗಿಯೇ ನಾನು ಹುಬ್ಬಳ್ಳಿಯವರಿಗೆ ಉತ್ತರ ಕೊಡದೆ ಕೂತಿರುವುದು?

ಅಳಿಸಿದರೆ ಮುಗಿಯಿತು. ನಾಡಿದ್ದು ಹುಬ್ಬಳ್ಳಿಗೆ ಹೂಂ ಅಂದರಾಯಿತು.

ಹೆಬ್ಬೆರಳು ಇಳಿಯುವಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಶಾಂತಾರಾಮ, ಎರಡು ಗ್ಲಾಸು ಚಾ ಹಿಡಿದು. ನಾಲ್ಕು ಗಂಟೆಗೆ ಇಕ್ಬಾಲರಿಗೊಂದು, ಶಾಜಿಯಾಳಿಗೊಂದು ತರುತ್ತಿದ್ದ. ಈಗ ಇಕ್ಬಾಲರದ್ದನ್ನು ಮುಮ್ತಾಜ್ ಕುಡಿಯುತ್ತಾರೆ.

“ಎಂತ ಮಾರಾಯ್ತಿ, ನನ್ನನ್ನ ಬಿಟ್ಟುಬಿಟ್ಯಲ್ಲ?”

“ಯಾರು ಹೇಳಿದ್ರು ಮಾಮಾ?”

“ಹೇಳೂದೆಂತ? ನನ್ನನ್ನ ಫಾಲೋ ಮಾಡುವವರೇ ಮೂವತ್ತೊಂದು ಜನ. ಇವತ್ತು ಬೆಳಿಗ್ಗೆ ನೋಡಿದ್ರೆ ಮೂವತ್ತು. ಯಾರು ಹೋದದ್ದು ಅಂತ ಒಬ್ಬೊಬ್ಬರದ್ದೇ ಹೆಸರು ನೋಡ್ದೆ. ದಿನಾ ಬನ್ಸಿನ ಫೋಟೋ ಹಾಕೂದು ನಿನಗೆ ಬೇಜಾರಾಯ್ತಾ?”

ಶಾಜಿಯಾಳಿಗೆ ತಡೆಯಲಾಗಲಿಲ್ಲ.

“ಬನ್ಸಿನ ಫೋಟೋ ಹಾಕ್ಲಿಕ್ಕೆ ಬರ್ತದೆ ನಿಮಗೆ. ಅಬ್ಬಾ ಹೋದಾಗ ಒಂದು ಮಾತು ಬರೀಲಿಕ್ಕೆ ಬರ್ಲಿಲ್ಲ ಅಲ್ವಾ?”

ಶಾಂತಾರಾಮ ಗ್ಲಾಸುಗಳನ್ನು ಮೆಲ್ಲಗೆ ಕೆಳಗಿಟ್ಟ.

“ನಾನು ಮಣ್ಣಿಗೆ ಹೋಗಿದ್ದೆ ಮಗಾ. ಎಲ್ಲರೂ ಮೂರು ಮೂರು ಹಿಡಿ ಹಾಕಿದ್ರು, ನಾನೂ ಹಾಕ್ದೆ. ಕೈಯಲ್ಲಿ ಅವನ ಮಣ್ಣಿತ್ತು. ಆ ಕೈಯಲ್ಲಿ ಫೋನು ಹಿಡೀಲಿಕ್ಕೆ ಆಗ್ಲಿಲ್ಲ... ಆಮೇಲೂ ಆಗ್ಲಿಲ್ಲ.”

ಶಾಜಿಯಾ ಮುಖ ಮುಚ್ಚಿಕೊಂಡಳು.

“ಅಳಬೇಡ. ನಿನಗೆ ಹೆಂಗೆ ಗೊತ್ತಾಗ್ಬೇಕು, ನೀನು ಅಲ್ಲಿ ಇರ್ಲಿಲ್ಲ. ಬಂದವರು ಯಾರೂ ಬರೆದಿಲ್ಲ ನೋಡು. ಆ ಯಲ್ಲಾಪುರದ ಟೆಂಪೋದವ ಬರೆದಿದ್ದಾನಾ?”

ಶಾಜಿಯಾ ಮುಖದಿಂದ ಕೈ ತೆಗೆದಳು. “ಯಾರು?”

“ಮೊಯಿನ್, ಮತ್ಯಾರು? ಎಲ್ಲರೂ ಹೆಗಲು ಬದಲಿಸ್ತಾ ಹೋಗ್ತಿದ್ರು. ಅವ ಮಾತ್ರ ಬಿಟ್ಟು, ಮುಂದೆ ಓಡಿ, ಮತ್ತೆ ಹೆಗಲು ಕೊಡ್ತಿದ್ದ. ಮನೆ ಬಾಗಿಲಿಂದ ಕಬರಿನವರೆಗೂ ಹಂಗೇ. ಮುಗಿದ ಮೇಲೆ ನಮ್ಮಲ್ಲಿ ಬಂದು ನಿಮ್ಮ ಅಂಗಡಿ ಬಾಗಿಲು ನೋಡ್ತಾ ಕೂತ. ಮನೆಗೆ ಹೋಗಿ ಮಾತಾಡಿಸಿ ಬಾ ಅಂದೆ. ‘ಕರೀದೇ ಇದ್ದ ಮನೀಗೆ ಹೆಂಗ ಹೋಗ್ಲಿ’ ಅಂದ. ಚಾ ಹಂಗೇ ಬಿಟ್ಟು ಎದ್ದು ಹೋದ.”

ಕಿಟಕಿಯ ಸಂದು ಕಣ್ಣ ಮುಂದೆ ಬಂತು. ಆ ಬೆನ್ನುಗಳ ನಡುವೆ ಬಲಕ್ಕೆ ವಾಲಿದ ಒಂದು ಹೆಗಲು... ಕಂಡಿತ್ತು. ಅವಳು ಕಂಡಿದ್ದಳು. ಕಣ್ಣೀರಿನಲ್ಲಿ ಅದನ್ನು ನಂಬಿರಲಿಲ್ಲ.

‘ಕರೆಯದ ಮನೆ.’ ಬೀಗ ಹಾಕಿಕೊಂಡು ಕುಳಿತವಳು ನಾನು. ಅವನು ಬಾಗಿಲಿಗೆ ಬರಲೆಂದು ನಾನು ಕಾದೆ. ನಾನು ಬೀಗ ತೆಗೆಯಲೆಂದು ಅವನು ಕಾದ. ಯಾ ಅಲ್ಲಾಹ್, ಎರಡು ವರ್ಷ...

ಶಾಂತಾರಾಮ ಹೋದ ಮೇಲೆ ಅವಳು ಫುಫೂನ ಮುಂದೆ ನೆಲಕ್ಕೆ ಕುಳಿತಳು.

“ಫುಫೂ, ಹುಬ್ಬಳ್ಳಿಯವರಿಗೆ ಬೇಡ ಅಂತ ಹೇಳಿ.”

ಮಣಿಗಳು ನಿಂತವು.

“ಎಂತಕ್ಕೆ ಅಂತ ಕೇಳೂದಿಲ್ಲ. ನನ್ನ ತಮ್ಮನನ್ನ ಹೊತ್ತವರಿಗೆ ಒಳ್ಳೇದಾಗ್ಲಿ ಅಂತ ಮೂವತ್ತೆಂಟು ದಿನದಿಂದ ದುವಾ ಮಾಡ್ತಾ ಇದ್ದೇನೆ. ಹೆಸರು ಗೊತ್ತಿರಲಿಲ್ಲ. ಇವತ್ತು ಒಂದು ಹೆಸರು ಸಿಕ್ತು.”

“ಆದ್ರೆ ಅಬ್ಬಾ ಹೇಳಿದ್ದು... ಬಾಗಿಲಿಗೆ ಬರ್ಲಿ ಅಂತ.”

ಮುಮ್ತಾಜ್ ಸೊಸೆಯ ತಲೆಯ ಮೇಲೆ ಕೈಯಿಟ್ಟರು.

“ಹುಚ್ಚು ಹುಡುಗಿ. ಅವ ಬಂದಾಯ್ತಲ್ಲ. ನಿನ್ನ ಅಬ್ಬಾನನ್ನ ಆ ಬಾಗಿಲಿಂದ ಎತ್ತಿಕೊಂಡು ಹೋದವರಲ್ಲಿ ಅವನೂ ಒಬ್ಬ. ಇನ್ನು ಯಾವ ಬಾಗಿಲಿಗೆ ಬರ್ಬೇಕು?”

ಶಾಜಿಯಾ ಮೊದಲು ಶಾಂತಾರಾಮನನ್ನು ಮತ್ತೆ ಸೇರಿಸಿಕೊಂಡಳು. ಆಮೇಲೆ ಬಿಸ್ಮಿಲ್ಲಾ ಎಂದು, ಎರಡು ವರ್ಷದ ಆ ಕೋರಿಕೆಗೆ ಒಪ್ಪಿಗೆ ಒತ್ತಿದಳು. ಎದುರಿನಿಂದ ಕೂಗು ಕೇಳಿತು. “ಮೂವತ್ತೊಂದು ಆಯ್ತು ಮಾರಾಯ್ತಿ.”

ಮೊಯಿನನ ಕಡೆಯಿಂದ ಏನೂ ಬರಲಿಲ್ಲ. ಸಂಜೆಯಾಯಿತು, ಅಂಗಡಿ ಮುಚ್ಚಿದರು. ಉತ್ತರವಿಲ್ಲ. ತಡವಾಯಿತೇನೋ... ಬೆಳಗಿನ ನಮಾಜಿನಲ್ಲಿ ಅವಳು ಏನನ್ನೂ ಕೇಳಿಕೊಳ್ಳಲಿಲ್ಲ, ಸುಮ್ಮನೆ ಕೈ ಚಾಚಿ ಕುಳಿತಳು.

ಹತ್ತು ಗಂಟೆಗೆ ಓಣಿಯ ತಿರುವಿನಲ್ಲಿ ಹಾರ್ನು ಕೇಳಿತು.

ಮೊಯಿನ್ ಸೀಟನ್ನು ಹೊತ್ತುಕೊಂಡೇ ಬಂದ. ಕೆನ್ನೆ ಒಳಗೆ ಹೋಗಿತ್ತು. ಮುಮ್ತಾಜರಿಗೆ ಸಲಾಂ ಹೇಳಿ, ಸೀಟನ್ನು ಬಾಗಿಲಲ್ಲಿಟ್ಟು ಹೊಸ್ತಿಲಿನಾಚೆಯೇ ನಿಂತ. ಫುಫೂ ಗೋಡೆಯ ಕಡೆ ತಿರುಗಿ ಮಣಿ ಎಣಿಸತೊಡಗಿದರು.

“ಆ ಚಿತ್ರ ನೋಡ್ದೆ” ಎಂದ. “ಎರಡು ವರ್ಷದ ಹಿಂದಿಂದು.”

“ಹೂಂ.”

“ಗೊತ್ತಿತ್ತೇನ್ರಿ ನಿಮಗ, ಬ್ಲೇಡಂತ?”

“ಅಬ್ಬಾನಿಗೂ ಗೊತ್ತಿತ್ತು.”

ಅವನು ತಲೆ ತಗ್ಗಿಸಿದ. “ನೀವು ಉತ್ತರ ಕೊಡ್ಲಿಲ್ಲ. ಆಮ್ಯಾಲೂ ಅಂಗಡಿಗೆ ಬಂದ್ರ ಕಾಡಿಸ್ದಂಗ ಆಕ್ಕೈತಿ ಅಂತ ಬರ್ಲಿಲ್ರಿ.”

“ಮತ್ತೆ ಆ ಕೋರಿಕೆ ಎಂತಕ್ಕೆ ಹಿಂದೆ ತಗೊಳ್ಲಿಲ್ಲ?”

“ಅದೊಂದ ಉಳಿದಿತ್ತಲ್ರಿ.”

ಶಾಜಿಯಾ ಮೊಳೆಯಿಂದ ಅಬ್ಬಾನ ಅಳತೆ ಪಟ್ಟಿ ತೆಗೆದುಕೊಂಡಳು. ಮೂವತ್ತೊಂಬತ್ತು ದಿನಗಳ ಮೇಲೆ ಮೊದಲ ಸಲ. ಬಗ್ಗಿ ಸೀಟು ನೋಡಿದಳು.

“ಇದು ಹರಿದದ್ದಾ, ಕೊಯ್ದದ್ದಾ?”

“ಸವದದ್ರಿ. ಬ್ಯಾರೆ ಯಾರ ಕೈಲೂ ಹೊಲಿಸ್ಲಿಲ್ಲ.”

ಬಲಗಡೆ ಪೂರ್ತಿ ಕುಸಿದಿತ್ತು. ಅವಳ ಕಣ್ಣೀರು ಅಲ್ಲಿಯೇ ಬಿತ್ತು. ಅಂಗೈಯಿಂದ ಒರೆಸಿದಳು.

“ಬಿಟ್ಟು ಹೋಗಿ. ನಾಳೆ ಅಬ್ಬಾನ ನಲವತ್ತು. ಮನೆಗೆ ಬನ್ನಿ.”

“ಕರದ್ರಿ?”

“ಕರೆದೆ.”

“ಒಬ್ಬನ ಬರ್ಲ್ಯಾ?”

“ನಿಮ್ಮ ಅಮ್ಮಿಯನ್ನ ಕರ್ಕೊಂಡು ಬನ್ನಿ.”

ಅವನು ಟೆಂಪೋದವರೆಗೆ ಹೋಗಿ, ಬಾಗಿಲು ಹಿಡಿದು ತಿರುಗಿದ.

“ಯಾರ ಮನಿ ಅಂತ ಅಮ್ಮಿ ಕೇಳ್ತಾಳ. ಏನ್ ಹೇಳ್ಲಿ?”

ಶಾಜಿಯಾ ಅವನ ಬಲ ಹೆಗಲನ್ನು ನೋಡಿದಳು. ಮೊದಲಿಗಿಂತ ಸ್ವಲ್ಪ ಹೆಚ್ಚೇ ಇಳಿದಿತ್ತು.

“ಹೆಗಲಿಗೆ ಹೊಲಿಗೆ ಹಾಕುವವರ ಮನೆ ಅಂತ ಹೇಳಿ.”