ಆರು ಕೋಡು, ಒಂದು ಚೈನು

ಇಳಿಜಾರಿನ ತಿರುವಿನಲ್ಲಿ ಎಂಜಿನ್ ನಿಂತೇ ಹೋಯಿತು!

ಹಿಂದೆ ಲಾರಿ. ಹಾರ್ನ್ ಹೊಡೆಯುತ್ತಲೇ ಮೈಮೇಲೆ ಬರುತ್ತಿದೆ. ಸ್ಟೇರಿಂಗ್ ಬಿಗಿಯಾಯಿತು. ಬ್ರೇಕ್ ಎರಡು ಸಲ ಒತ್ತಿದೆ... ಮೂರನೆಯ ಸಲಕ್ಕೆ ಪೆಡಲ್ ಕಲ್ಲಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಮೈಭಾರವನ್ನೆಲ್ಲ ಸ್ಟೇರಿಂಗ್ ಮೇಲೆ ಹಾಕಿ, ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿದೆ. ಲಾರಿ ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು.

ಪಕ್ಕದ ಸೀಟಿನಲ್ಲಿ ನನ್ನ ತಮ್ಮ. ಹಳೆ ಕಾರುಗಳ ಬ್ರೋಕರ್. ಮುಖ ಬಿಳಿಚಿಕೊಂಡಿತ್ತು.

"ಯಾವ್ದೋ ಸೆನ್ಸರ್ ಇರ್ಬೇಕು ಅಣ್ಣ," ಅಂದ.

ಕಾರು ಓಡಿದ್ದು ಮೂರು ಲಕ್ಷದ ಹತ್ತು ಸಾವಿರ ಕಿಲೋಮೀಟರ್. ನಾಲ್ಕು ಗಂಟೆಗೆ ಅದನ್ನು ಕೊಳ್ಳಲು ಒಬ್ಬ ನರ್ಸ್ ಬರುವವಳಿದ್ದಳು. ಹೊಸ ಕೆಲಸ ಸಿಕ್ಕ ಊರಿಗೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನಾಳೆಯೇ ಹೊರಡುತ್ತಾಳೆ. ದಾರಿ ಇದೇ ಇಳಿಜಾರು.

ಹಗ್ಗ ಕಟ್ಟಿ ನನ್ನ ರಿಪೇರಿ ಷೆಡ್ಡಿಗೆ ಎಳೆಸಿದೆವು. ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು, ಕಳ್ಳಾಟದ ಕಾರು! ಸ್ಕ್ಯಾನರ್ ಚುಚ್ಚಿದೆ. ಆರು ದೋಷದ ಕೋಡು. ಎರಡು ಸಿಲಿಂಡರ್ ಮಿಸ್‌ಫೈರ್, ಆಕ್ಸಿಜನ್ ಸೆನ್ಸರ್, ಕ್ಯಾಮ್, ಕ್ರ್ಯಾಂಕ್, ಅವೆರಡರ ತಾಳ ತಪ್ಪಿದ್ದಕ್ಕೆ ಇನ್ನೊಂದು.

ಕೋಡಿಗೊಂದು ಸೆನ್ಸರ್ ಬದಲಿಸುವವನು ದಡ್ಡ. ಆರೂ ಎಲ್ಲಿ ಕೂಡುತ್ತವೆ ಅಂತ ಹುಡುಕಬೇಕು. ಎಂಜಿನ್ ಆರಿಸಿ ಮೇಲಿನ ಮುಚ್ಚಳ ಬಿಚ್ಚಿದೆ. ಕ್ಯಾಮ್, ಕ್ರ್ಯಾಂಕ್ ಎರಡನ್ನೂ ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಚೈನನ್ನು ಬೆರಳಿನಿಂದ ಒತ್ತಿದೆ. ಹಳೆ ಸೈಕಲ್ಲಿನ ಚೈನಿನಂತೆ ಜೋತುಬಿತ್ತು. ಇವತ್ತೋ ನಾಳೆಯೋ ಚಕ್ರದ ಹಲ್ಲು ತಪ್ಪಿ ಎಂಜಿನ್ನನ್ನೇ ಮುಗಿಸುತ್ತದೆ.

ತಮ್ಮನಿಗೆ ಹೇಳಿದೆ. ಅವನು ಷಟರ್ ಕೆಳಗೆಳೆದ. ಜಾಕಿ ರಾಡ್ ಕೈಗೆತ್ತಿಕೊಂಡ. ನರ್ಸ್ ಓಡಿಸಿ ನೋಡುವಷ್ಟು ಹೊತ್ತು ಎಂಜಿನ್ ದೋಷದ ದೀಪ ಉರಿಯದಿದ್ದರೆ ಸಾಕು, ಆಮೇಲೆ ಅವಳ ಹಣೆಬರಹ ಅಂದ.

"ಕೋಡ್ ಅಳ್ಸು."

ಅವನು ತರುವ ಕಾರುಗಳ ಕೋಡನ್ನು ಆರು ವರ್ಷದಿಂದ ಅಳಿಸುತ್ತಲೇ ಬಂದಿದ್ದೇನೆ. ಯಾಕೆ ಅಂತ ಕೇಳುತ್ತೀರಾ? ಬಂದಾಗ ಅವನು ಅರ್ಧ ಗಂಟೆ ನನ್ನ ಜೊತೆ ಕೂರುತ್ತಿದ್ದ. ಅಮ್ಮ ಹೋದ ಮೇಲೆ ನನ್ನನ್ನು ಅಣ್ಣ ಅನ್ನಲು ಉಳಿದವನು ಅವನೊಬ್ಬನೇ. ಸಣ್ಣಪುಟ್ಟ ದೋಷ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಗುಂಡಿ ಒತ್ತುತ್ತಿದ್ದೆ. ಒಂಟಿತನ ಅಷ್ಟು ಕಾಡುತ್ತಿತ್ತು.

"ಅಳ್ಸಲ್ಲ ಕಣೋ."

"ಹಂಗಾದ್ರೆ ನಾನಿನ್ನು ಈ ಷೆಡ್ಡಿಗೆ ಕಾಲಿಡಲ್ಲ."

ರಾಡಿಗಿಂತ ಆ ಮಾತಿಗೆ ಹೆದರಿದೆ.

ಷಟರ್ ಬಡಿದ ಸದ್ದು. ನರ್ಸ್! ಸ್ಕ್ಯಾನರನ್ನು ಕಂಕುಳಲ್ಲಿ ಇರುಕಿಕೊಂಡು ಷಟರಿಗೆ ಕೈ ಹಾಕಿದೆ. ಹಿಂದಿನಿಂದ ಭುಜಕ್ಕೆ ಬಿತ್ತು ಏಟು. ಕಣ್ಣು ಕತ್ತಲಿಟ್ಟಿತು... ಆದರೂ ಷಟರ್ ಎತ್ತಿದೆ.

ತಮ್ಮ ರಾಡ್ ಎಸೆದು, ಅವಳ ಪಕ್ಕದಿಂದ ನುಸುಳಿ ಹೊರಟುಹೋದ. ತಿರುಗಿಯೂ ನೋಡಲಿಲ್ಲ.

ಅವಳಿಗೆ ಆರೂ ಕೋಡು ತೋರಿಸಿದೆ, ಚೈನು ತೋರಿಸಿದೆ, ತಮ್ಮ ಅಳಿಸಲು ಹೇಳಿದ್ದನ್ನೂ ಇಷ್ಟು ವರ್ಷ ನಾನು ಅಳಿಸಿದ್ದನ್ನೂ ಹೇಳಿದೆ. ಎಲ್ಲ ಕೇಳುತ್ತಲೇ ಅವಳು ಮೂಳೆ ಮುರಿದಿದೆಯೇನೋ ಅಂತ ನನ್ನ ಭುಜ ಮುಟ್ಟಿ ನೋಡುತ್ತಿದ್ದಳು. ಯಾರಾದರೂ ನನ್ನನ್ನು ಹಾಗೆ ಮುಟ್ಟಿ ವರ್ಷಗಳಾಗಿದ್ದವು.

"ಈ ಥರ ಇನ್ನೆಷ್ಟು ಜನಕ್ಕೆ ಅಳ್ಸಿ ಕೊಟ್ಟಿದ್ದೀರಿ?"

ಲೆಕ್ಕ ಇಟ್ಟಿಲ್ಲ ಅಂದೆ.

ಕೈ ತೆಗೆದಳು. ನಡೆದುಹೋದಳು.

ಕೋಡ್ ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಇದ್ದೊಬ್ಬ ತಮ್ಮನನ್ನು ಕಳೆದುಕೊಳ್ಳಲು ಅದನ್ನು ಒತ್ತದಿದ್ದರೆ ಸಾಕು.