ಕರಡಿ ಅಜ್ಜಿಯ ಹುಟ್ಟುಹಬ್ಬಕ್ಕೆ ಮುನ್ನ

ಸೋಮವಾರ ಬೆಳಿಗ್ಗೆ ಏಳೂವರೆಗೆ ಬಂದ ದೂರನ್ನು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು.

"ಸತ್ತಿದ್ದು ಯಾರು ಅಂದ್ರಿ?"

"ಅಜ್ಜಿ" ಎಂದರು ಮೃಗಾಲಯದ ನಿರ್ದೇಶಕರು.

"ನಿಮ್ಮಜ್ಜಿನಾ?"

"ಕರಡಿ ಅಜ್ಜಿ ಕಣ್ರೀ! ಪೇಪರ್ ಓದಲ್ವಾ ನೀವು?"

ಇನ್ಸ್‌ಪೆಕ್ಟರ್ ಓದಿದ್ದರು. ಬರುವ ಭಾನುವಾರ ಅದಕ್ಕೆ ನಲವತ್ತು ತುಂಬುತ್ತಿತ್ತು. ಎಲ್ಲ ಪತ್ರಿಕೆಗಳಲ್ಲೂ ಅದರ ಫೋಟೊ ಬಂದಿತ್ತು. ಅವರ ಮಗಳು ಪುಟ್ಟವಳಿದ್ದಾಗ ಅಪ್ಪನ ಹೆಗಲೇರಿ ಇದೇ ಕರಡಿಗೆ ಕೈ ಬೀಸಿದ್ದಳು.

"ನಿನ್ನೆ ಸಂಜೆವರೆಗೂ ಚೆನ್ನಾಗೇ ಇತ್ತು. ಯಾರೋ ವಿಷ ಹಾಕಿದ್ದಾರೆ. ಟೀವಿಯವರಿಗೆ ನಾನೀಗ ಏನು ಹೇಳಲಿ?"

ಎಫ್‌ಐಆರ್ ದಾಖಲಿಸಿ, ಇಬ್ಬರು ಪಂಚರೊಂದಿಗೆ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋದರು. ಬೋನಿನ ಹಿಂದಿನ ಮಲಗುವ ಕೋಣೆಯಲ್ಲಿ ಕರಡಿ ಒಂದು ಮಗ್ಗುಲಾಗಿ ಬಿದ್ದಿತ್ತು. ವಾಂತಿ ಇರಲಿಲ್ಲ, ಒದ್ದಾಡಿದ ಗುರುತೂ ಇರಲಿಲ್ಲ. ನೆಲ ತೊಳೆದಷ್ಟು ಚೊಕ್ಕ. ತಲೆಯ ಕೆಳಗೆ ನಾಲ್ಕು ಮಡಿಕೆಯ ಹಸಿರು ಬಟ್ಟೆ.

"ವಿಷ ಹಾಕೋನು ದಿಂಬು ಇಟ್ಟು ಹೋಗ್ತಾನಾ ಸಾರ್?" ಎಂದ ಮೀಸೆ.

ಇನ್ಸ್‌ಪೆಕ್ಟರ್ ಬಟ್ಟೆಯನ್ನು ಲಕೋಟೆಗೆ ಹಾಕಿಸಿ ಮೊಹರು ಮಾಡಿಸಿದರು, ಪಂಚನಾಮೆಗೆ ಸಹಿ ಹಾಕಿಸಿದರು.

ಮಧ್ಯಾಹ್ನ ಶವಪರೀಕ್ಷೆ ಮುಗಿಸಿ ಕೈ ತೊಳೆಯುತ್ತಿದ್ದ ಮೃಗಾಲಯದ ಡಾಕ್ಟರನ್ನು ಇನ್ಸ್‌ಪೆಕ್ಟರ್ ಮಾತಿಗೆಳೆದರು.

"ಹೊಟ್ಟೆಯಲ್ಲಿ ಏನಿತ್ತು?"

"ಜೇನಲ್ಲಿ ನೆನೆಸಿದ ಬ್ರೆಡ್ಡು. ಲ್ಯಾಬಿನವರು ಖಚಿತ ಮಾಡಬೇಕು, ಆದ್ರೆ ನೋಡಿದ್ರೆ ನಿದ್ದೆ ಔಷಧಿ ಅನ್ಸುತ್ತೆ, ಮಿತಿಮೀರಿ."

"ಕರಡಿ ಚೆನ್ನಾಗೇ ಇತ್ತಂತಲ್ಲ?"

ಡಾಕ್ಟರ್ ನಲ್ಲಿ ನಿಲ್ಲಿಸಿದರು. "ಯಾರಂದ್ರು? ದವಡೆ ತುಂಬ ಗಡ್ಡೆ. ಯಾವ ಔಷಧಿಗೂ ನೋವು ಬಗ್ತಿರಲಿಲ್ಲ. ನಿದ್ದೆ ಮಾಡಿಸಿ ಕಳಿಸಿಬಿಡೋಣ ಅಂತ ನಿರ್ದೇಶಕರ ಕಾಲು ಹಿಡಿಯೋದೊಂದು ಬಾಕಿ. ಹುಟ್ಟುಹಬ್ಬ ಆಗ್ಲಿ ಅಂದ್ರು."

"ಹಾಗಾದ್ರೆ ನೀವೇ ಕಳಿಸಿದ್ರಾ?"

"ಧೈರ್ಯ ಇದ್ದಿದ್ರೆ ಕಳಿಸ್ತಿದ್ದೆ. ಕಪಾಟು ತೆಗೆದು ನೋಡಿ."

ಕಪಾಟಿನ ದಾಸ್ತಾನು ಸರಿಯಾಗಿಯೇ ಇತ್ತು. ಹಸಿರು ಬಟ್ಟೆಯ ಫೋಟೊ ತೋರಿಸಿದಾಗ ಡಾಕ್ಟರ್ ಅಲ್ಲವೆಂದು ತಲೆಯಾಡಿಸಿದರು. "ನಮ್ಮದಲ್ಲ. ನಾಯಿ, ಬೆಕ್ಕಿನ ಕ್ಲಿನಿಕ್ಕಿನಲ್ಲಿ ಮೇಜಿಗೆ ಹಾಸ್ತಾರೆ ಇಂಥದ್ದನ್ನ."

ಹಿಂಬಾಗಿಲಿನ ಕಾವಲುಗಾರ ಹೊರಗಿನವರು ಯಾರೂ ಬಂದಿಲ್ಲವೆಂದು ಆಣೆ ಇಟ್ಟ.

"ಒಳಗಿನವರು?"

"ಕರಡಿ ನೋಡ್ಕೊಳ್ತಿದ್ದ ಯಜಮಾನ್ರು ಬಂದಿದ್ರು. ನಿವೃತ್ತಿ ಆದ್ರೂ ದಿನಾ ಬರ್ತಾರೆ, ಅವರ ಕೈಯಿಂದಲ್ದೆ ಅದು ಬಾಯಿ ಬಿಡಲ್ಲ. ಮರಿ ಇದ್ದಾಗ ಮನೆಗೊಯ್ದು ಸಾಕಿದೋರಲ್ವಾ! ಸಂಜೆ ಕರ್ಕೊಂಡು ಹೋಗೋಕೆ ಮಗಳು ಬಂದಿದ್ಲು. ಅವಳೇನು ಹೊರಗಿನೋಳಾ ಸಾರ್?"

ಮುದುಕರ ಮನೆ ಎರಡು ಕೋಣೆಯದು. ಪೊಲೀಸರನ್ನು ಕಂಡವರೇ ಎದ್ದು ಅಂಗಿ ತೊಟ್ಟರು.

"ನಾನೇ ಕೊಂದೆ. ನಡೀರಿ."

"ಯಾವುದರಿಂದ?"

"ಇಲಿ ಪಾಷಾಣ."

"ಯಾವುದರಲ್ಲಿ ಬೆರೆಸಿದ್ರಿ?"

"ಬಾಳೆಹಣ್ಣಲ್ಲಿ. ಕಿವುಚಿ..."

"ಎಲ್ಲಿದೆ ಪಾಷಾಣ?"

ಅವರು ಅಡಿಗೆಮನೆಯ ಅಟ್ಟಕ್ಕೆ ಕೈ ತೋರಿದರು. ಮೀಸೆ ತಡಕಾಡಿದ. ಅಲ್ಲೇನೂ ಇರಲಿಲ್ಲ. ಮುದುಕರು ತಾವೇ ಸ್ಟೂಲು ಹತ್ತಲು ಹೋದರು, ಇನ್ಸ್‌ಪೆಕ್ಟರ್ ತಡೆದರು. ಆ ಮುಖದಲ್ಲಿದ್ದದ್ದು ನಟನೆಯಲ್ಲ, ನಿಜವಾದ ಗಾಬರಿ.

"ಯಜಮಾನ್ರೇ, ತಂದಿಟ್ಟಿದ್ದು ನೀವು. ಹಾಕಿದ್ದು ನೀವಲ್ಲ. ಮಗಳು ಎಲ್ಲಿ ಕೆಲಸ ಮಾಡ್ತಾರೆ?"

ಮುದುಕರು ಕೈ ಮುಗಿದರು. "ಅವಳ ಸುದ್ದಿಗೆ ಹೋಗ್ಬೇಡಿ ಸ್ವಾಮಿ. ನಿಮ್ಮ ದಮ್ಮಯ್ಯ."

ಸಾಕುಪ್ರಾಣಿಗಳ ಕ್ಲಿನಿಕ್ಕು ನಾಲ್ಕು ಬೀದಿಯಾಚೆ ಇತ್ತು. ಮಗಳಿಗೂ ಕರಡಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವಳು ನಾಯಿಯೊಂದರ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಮೇಜಿನ ಮೇಲೆ ಹಸಿರು ಬಟ್ಟೆ. ಮಹಿಳಾ ಕಾನ್‌ಸ್ಟೇಬಲ್ ಹತ್ತಿರ ಬಂದಾಗ, "ಈ ಗಂಟೊಂದು ಹಾಕಿಬಿಡ್ತೀನಿ ಅಕ್ಕ" ಎಂದು ಕೇಳಿಕೊಂಡಳು. ಇನ್ಸ್‌ಪೆಕ್ಟರ್ ಕಾದರು.

ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ.

"ಔಷಧಿ ಕ್ಲಿನಿಕ್ಕಿನದ್ದಾ?"

"ಹೌದು. ನಾನೇ ಕದ್ದೆ. ನಮ್ಮ ಡಾಕ್ಟರಿಗೆ ಗೊತ್ತಿಲ್ಲ."

"ಯಾಕೆ?"

"ಅಟ್ಟದಲ್ಲಿ ಪಾಷಾಣದ ಪೊಟ್ಟಣ ಸಿಕ್ತು. ನಮ್ಮನೇಲಿ ಇಲಿ ಇಲ್ಲ ಸಾರ್." ಅವಳು ನೀರು ಕುಡಿದಳು. "ಅದರ ನರಳಾಟ ಕೇಳಿ ಕೇಳಿ ಅಪ್ಪ ಊಟ ಬಿಟ್ಟಿದ್ರು. ಆದ್ರೆ ಪಾಷಾಣ ತಿಂದ ಪ್ರಾಣಿ ಹೇಗೆ ಸಾಯುತ್ತೆ ಅಂತ ಅವರಿಗೆ ಗೊತ್ತಿಲ್ಲ. ನಾನು ದಿನಾ ನೋಡ್ತೀನಿ, ಕರುಳು ಹರಿದುಹೋಗುತ್ತೆ. ಪುಟ್ಟಿ ಹಾಗೆ ಸಾಯೋದನ್ನ ಅಪ್ಪ ನೋಡಿದ್ರೆ, ಅದೂ ತಮ್ಮ ಕೈಯಾರೆ... ಅಪ್ಪ ಉಳೀತಿರಲಿಲ್ಲ."

"ಪುಟ್ಟಿ?"

"ಮನೇಲಿ ಹಾಗೇ ಕರೀತಿದ್ವಿ. ನಮ್ಮಮ್ಮ ಎಡ ತೊಡೆ ಮೇಲೆ ನನ್ನ, ಬಲ ತೊಡೆ ಮೇಲೆ ಅದನ್ನ ಮಲಗಿಸ್ಕೊಂಡು ಬಾಟ್ಲಿ ಹಾಲು ಕುಡಿಸ್ತಿದ್ರಂತೆ." ಅವಳು ಕೈ ನೋಡಿಕೊಂಡಳು. "ಪೊಟ್ಟಣ ಚರಂಡಿಗೆ ಚೆಲ್ಲಿದೆ. ಅಪ್ಪನ್ನ ಬಸ್ ಸ್ಟಾಪಿಗೆ ಕಳಿಸ್ದೆ. ನನ್ನ ಕೈಯಿಂದ ತಿನ್ನುತ್ತೋ ಇಲ್ವೋ ಅಂತ ಹೆದರಿದ್ದೆ. ತಿಂತು. ಕೈಯೆಲ್ಲ ನೆಕ್ಕಿತು."

ಸಂಜೆ ಐದೂಕಾಲಿಗೆ ಬಂಧನ ದಾಖಲಾಯಿತು. ಔಷಧಿ ಕಳವು ಒಂದು, ವನ್ಯಪ್ರಾಣಿಯ ಹತ್ಯೆ ಇನ್ನೊಂದು. ಕಾನೂನಿನ ಕಣ್ಣಲ್ಲಿ ಎರಡೂ ಅಪರಾಧವೇ, ಅದರಲ್ಲಿ ಇನ್ಸ್‌ಪೆಕ್ಟರಿಗೆ ಅನುಮಾನವಿರಲಿಲ್ಲ. ಆ ಪ್ರಾಣಿಯ ನೋವನ್ನು ಇನ್ನೊಂದು ವಾರ ಎಳೆದವರ ಮೇಲೆ ಹಾಕಲು ಯಾವ ಕಲಮು ಇದೆಯೆಂದು ಅವರಿಗೆ ತೋಚಲಿಲ್ಲ. ದೂರು ಕೊಟ್ಟ ನಿರ್ದೇಶಕರು ಆಗ ಠಾಣೆಯ ಮುಂದೆ ನಿಂತು ಟೀವಿಯವರಿಗೆ ಕಣ್ಣೊರೆಸಿಕೊಂಡು ಹೇಳಿಕೆ ಕೊಡುತ್ತಿದ್ದರು.

ಒಳಗೆ ಬೆಂಚಿನ ಮೇಲೆ ಮುದುಕರು ಕುಳಿತಿದ್ದರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಪಕ್ಕದಲ್ಲಿ ಕುಳಿತರು. ಮುದುಕರು ಅವರತ್ತ ತಿರುಗಿದರು.

"ಒದ್ದಾಡ್ತಾ?"

"ಇಲ್ಲ. ನಿದ್ದೆಯಲ್ಲೇ."

"ಇವಳು ಹತ್ರ ಇದ್ಲಾ?"

"ಉಸಿರು ನಿಲ್ಲೋವರೆಗೂ ತಲೆ ಸವರ್ತಾ ಇದ್ರಂತೆ. ಆಮೇಲೇ ಬಸ್ ಸ್ಟಾಪಿಗೆ ಬಂದಿದ್ದು."

ಮುದುಕರು ಅಂಗೈಯಿಂದ ಮುಖ ಉಜ್ಜಿಕೊಂಡರು. "ಬಸ್ಸಲ್ಲಿ ಇಡೀ ದಾರಿ ನನ್ನ ಹೆಗಲ ಮೇಲೆ ತಲೆಯಿಟ್ಕೊಂಡು ಬಂದ್ಲು ಸ್ವಾಮಿ. ಕೆಲಸ ಮಾಡಿ ದಣಿದಿದ್ದಾಳೆ ಅಂದ್ಕೊಂಡೆ."

ಅವರು ಮಂಡಿ ಹಿಡಿದು ಎದ್ದರು. "ಒಳ್ಳೆ ವಕೀಲರು ಎಲ್ಲಿ ಸಿಗ್ತಾರೆ, ಹೇಳ್ತೀರಾ? ನನಗೆ ಇನ್ನು ಉಳಿದಿರೋದು ಅವಳೊಬ್ಬಳೇ."