ಹಳದಿಯಾಗದ ಟ್ಯೂಬು

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಪ್ರಯೋಗಾಲಯದ ಮುಖ್ಯಸ್ಥೆ ತಂದ ದೂರು ಕೇಳಿ ಇನ್ಸ್‌ಪೆಕ್ಟರ್ ಕಣ್ಣು ಕಣ್ಣು ಬಿಟ್ಟರು.

"ನಮ್ಮ ಮದ್ದು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಪರೀಕ್ಷೆ ಹೇಳ್ತಿದೆ. ಯಾರೋ ಮೋಸ ಮಾಡಿದಾರೆ."

"ಗೆದ್ದಿದ್ದಕ್ಕೂ ದೂರು ಕೊಡ್ತಾರಾ ಸಾರ್?" ಎಂದು ಕಾನ್‌ಸ್ಟೆಬಲ್ ಗೊಣಗಿದ.

ಮುಖ್ಯಸ್ಥೆ ಬಿಡಿಸಿ ಹೇಳಿದರು. ಹೊಟ್ಟೆಯೊಳಗಿನ ಒಂದು ಕಿಣ್ವ ಕೆರಳಿ, ತನ್ನನ್ನು ಹೆತ್ತ ಗ್ರಂಥಿಯನ್ನೇ ಅರಗಿಸಿಬಿಡುವ ಕಾಯಿಲೆಯಿದೆ. ಆ ಕಿಣ್ವದ ಕೈ ಕಟ್ಟಿಹಾಕುವ ಮದ್ದು ಇವರದು. ಟ್ಯೂಬಿನಲ್ಲಿ ಕಿಣ್ವ ಕೆಲಸ ಮಾಡಿದರೆ ನೀರು ಹಳದಿಯಾಗುತ್ತದೆ, ತಡೆದರೆ ತಿಳಿಯಾಗಿಯೇ ಉಳಿಯುತ್ತದೆ. ಹೋಲಿಸಿ ನೋಡಲು ಮದ್ದು ಹಾಕದ ಒಂದು ಟ್ಯೂಬು ಇದ್ದೇ ಇರುತ್ತದೆ. ಅದು ಹಳದಿಯಾಗಲೇಬೇಕು. ಶನಿವಾರ ಅದೂ ಆಗಿರಲಿಲ್ಲ.

"ಈ ಪರೀಕ್ಷೆ ನಂಬಿ ಗುರುವಾರದಿಂದ ಹನ್ನೆರಡು ರೋಗಿಗಳಿಗೆ ಹಳೇ ಔಷಧಿ ನಿಲ್ಲಿಸಿ ಇದನ್ನ ಕೊಡ್ತಾರೆ. ಇದು ಸುಳ್ಳಾದ್ರೆ ಅವರ ಗತಿ ಏನು ಸಾರ್?"

ಎಫ್‌ಐಆರ್ ದಾಖಲಾಯಿತು.

ಹನ್ನೆರಡು ಗಂಟೆಗೆ ಪಂಚನಾಮೆ. ಪಂಚರ ಎದುರೇ ಮುಖ್ಯಸ್ಥೆ ಎಲ್ಲ ಟ್ಯೂಬುಗಳಿಗೂ ಹಾಕುವ ದ್ರಾವಣವನ್ನು ಹೊಸದಾಗಿ ಕಲಸಿ ಪರೀಕ್ಷೆ ಮಾಡಿದರು. ಮದ್ದಿಲ್ಲದ ಟ್ಯೂಬು ಹತ್ತೇ ನಿಮಿಷದಲ್ಲಿ ಹಳದಿಯಾಯಿತು. ಶನಿವಾರ ಬಳಸಿದ್ದ ಬಾಟಲಿಯ ದ್ರಾವಣ ಹಾಕಿದಾಗ ಆಗಲಿಲ್ಲ. ಫ್ರೀಜರಿನಲ್ಲಿ ಸೋಯಾದಿಂದ ತೆಗೆದ ಪುಡಿಯ ಸೀಸೆ ಅರ್ಧ ಖಾಲಿಯಾಗಿತ್ತು. ಅದು ಈ ಕಿಣ್ವವನ್ನು ತಡೆಯುವ ಹಳೆಯ ಸಾಮಗ್ರಿ. ಬಾಟಲಿ, ಸೀಸೆ ಎರಡನ್ನೂ ಮೊಹರು ಮಾಡಿದರು.

ಬೀಗದ ಕೈ ಇದ್ದದ್ದು ಮೂವರ ಬಳಿ: ಮುಖ್ಯಸ್ಥೆ, ಸಂಶೋಧನಾ ವಿದ್ಯಾರ್ಥಿನಿ, ಮತ್ತು ಎಲ್ಲರೂ ಬಾಟ್ಲಿ ಮಾಮ ಎಂದು ಕರೆಯುವ, ಗಾಜಿನ ಸಾಮಾನು ತೊಳೆಯುವಾತ. ಕಾನ್‌ಸ್ಟೆಬಲನ ಅನುಮಾನ ವಿದ್ಯಾರ್ಥಿನಿಯ ಮೇಲೆ. ಆದರೆ ಓದಿದವಳು ಮೋಸ ಬಯಲು ಮಾಡುವ ಮದ್ದಿಲ್ಲದ ಟ್ಯೂಬಿನ ತಂಟೆಗೆ ಹೋಗುತ್ತಿರಲಿಲ್ಲ ಎಂದುಕೊಂಡು ಇನ್ಸ್‌ಪೆಕ್ಟರ್ ನೇರ ಸಿಂಕಿನ ಬಳಿ ನಡೆದರು.

"ಇವುಗಳಲ್ಲಿ ಯಾವ ಟ್ಯೂಬ್ ಹಳದಿ ಆಗ್ಬೇಕು ಮಾಮ?"

"ಯಾವುದೂ ಆಗಬಾರದು ಸಾರ್. ಹಳದಿ ಬಂದ ದಿನ ಅಮ್ಮ ಊಟಾನೇ ಮಾಡಲ್ಲ," ಮಾಮ ಮುಖ್ಯಸ್ಥೆಯ ಕಡೆ ತೋರಿಸಿದ.

"ಹಾಗಂತ ಪುಡಿ ಹಾಕಿದ್ಯಾ?"

ಮಾಮ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ. "ಹಾಕ್ದೆ. ಅದು ಬಿದ್ರೆ ಹಳದಿ ಬರಲ್ಲ ಅಂತ ಅವರೇ ಪಾಠ ಹೇಳುವಾಗ ಕೇಳಿದ್ದೆ. ಬಾಟ್ಲಿಗೇ ಸುರಿದ್ಬಿಟ್ಟೆ."

ಮೂರು ನಲವತ್ತಕ್ಕೆ ಬಂಧನ. ಹದಿನೇಳು ವರ್ಷದ ಹಿಂದೆ ಮಾಮ ಜೈಲಿನಿಂದ ಹೊರಬಂದಾಗ ಊರೆಲ್ಲ ಬಾಗಿಲು ಹಾಕಿಕೊಂಡಿತ್ತಂತೆ. ಆಗ ಕರೆದು ಕೆಲಸ ಕೊಟ್ಟವರು ಇದೇ ಅಮ್ಮ. ಬರುವ ತಿಂಗಳು ಅವರ ನಿವೃತ್ತಿ. ಸೋತು ಮನೆಗೆ ಹೋಗಬಾರದು ಎಂಬುದೊಂದೇ ಅವನ ಆಸೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹನ್ನೆರಡು ರೋಗಿಗಳ ವಿಷಯ ಹೇಳಿದಾಗ ಅವನು ತಟ್ಟನೆ ಎದ್ದು ನಿಂತ.

"ಅವರಿಗೆ ಕೊಟ್ಬಿಟ್ರಾ ಸಾರ್?"

"ಇಲ್ಲ. ಆಸ್ಪತ್ರೆಗೆ ಹೇಳಿ ನಿಲ್ಲಿಸಿದಾರೆ. ದೂರು ಕೊಟ್ಟಿದ್ದೂ ನಿನ್ನ ಅಮ್ಮನೇ."

ಮಾಮ ಎರಡೂ ಕೈ ಎತ್ತಿ ಮುಗಿದ. "ಜೈಲಿಂದ ಬಂದವನನ್ನ ಮನುಷ್ಯ ಮಾಡಿದ್ರು. ಇವತ್ತು ಕೊಲೆಗಾರ ಆಗೋದನ್ನೂ ತಪ್ಪಿಸಿದ್ರು."

ಹೊರಗಿನ ಬೆಂಚಿನಲ್ಲಿ ಮುಖ್ಯಸ್ಥೆ ಜಾಮೀನಿಗೆ ಏನೇನು ಕಾಗದ ಬೇಕೆಂದು ಕಾನ್‌ಸ್ಟೆಬಲನನ್ನು ಕೇಳುತ್ತಿದ್ದರು. ಅಪರಾಧದ ಉದ್ದೇಶ ಎಂಬಲ್ಲಿ ದ್ವೇಷ, ದುರಾಸೆ ಎಂದೇ ಬರೆದು ರೂಢಿಯಾಗಿದ್ದ ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಈ ಸಲ ಬರೆದರು: ಉಪಕಾರ ಮರೆಯದಿದ್ದದ್ದು.